ಮೇಯರ್ ಜೆಸ್ಸಿಯ ಚಪ್ಪಲಿಯಷ್ಟೇ ನೆನಪಿಟ್ಟುಕೊಂಡರೆ ಸಾಲದು

2012ರ ಆಗಸ್ಟ್ 21, ಮಂಗಳವಾರ. ಈದ್ ರಜೆ ಮುಗಿದು ದುಬೈನ ನಮ್ಮ ಆಫೀಸು ಮತ್ತೆ ಶುರುವಾದ ದಿನ. ನನ್ನ ಪಕ್ಕದ ಟೇಬಲ್‌ನ ಫಿಲಿಪೀನ್ಸ್ ಸಹೋದ್ಯೋಗಿ ಕಂಪ್ಯೂಟರ್ ಕೂಡ ಆನ್ ಮಾಡದೆ ಕೂತಿದ್ದರು. ಅತ್ತು ಅತ್ತು ಕಣ್ಣು ಊದಿಕೊಂಡಿತ್ತು. ಆಫೀಸಿನಲ್ಲಿ ನಾವೆಲ್ಲ ಅವರನ್ನು 'ಆತೆ' ಅಂತ ಕರೆಯುತ್ತಿದ್ದೆವು. ಅವರ ಕಡೆ ಅಕ್ಕನಿಗೆ ಹಾಗೆ ಹೇಳುತ್ತಾರೆ. ಊರಲ್ಲಿ ಏನಾದರೂ ಆಯಿತಾ ಆತೆ, ಅಂತ ಕೇಳಿದೆ.

"ನಮ್ಮ ಮೇಯರ್ ಸಿಕ್ಕಿದರು" ಅಂದರು. ಆಮೇಲೆ ಮೆಲ್ಲಗೆ, "ಸಮುದ್ರದ ತಳದಲ್ಲಿ" ಅಂದರು.

ಅವರು ಹೇಳಿದ್ದು ಜೆಸ್ಸಿ ರೊಬ್ರೆಡೊ ಬಗ್ಗೆ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ರೊಬ್ರೆಡೊ ಮೇಯರ್ ಆಗಿರಲಿಲ್ಲ. ಎರಡು ವರ್ಷದಿಂದ ಇಡೀ ದೇಶದ ಒಳಾಡಳಿತ ಮತ್ತು ಸ್ಥಳೀಯ ಸರ್ಕಾರಗಳ ಮಂತ್ರಿಯಾಗಿದ್ದರು. ಆದರೂ ನಾಗಾ ಊರಿನವರ ಬಾಯಲ್ಲಿ ಅವರು ಮೇಯರ್ ಜೆಸ್ಸಿಯೇ. ಒಬ್ಬ ಮೇಯರ್‌ಗಾಗಿ ಇಷ್ಟು ಅಳುವವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅದು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಮೊನ್ನೆ ಗೆಳೆಯರೊಬ್ಬರು ಇಲ್ಲೇ ಫೇಸ್‌ಬುಕ್‌ನಲ್ಲಿ ರೊಬ್ರೆಡೊ ಅವರ ಒಂದು ಫೋಟೊ ಹಾಕಿದ್ದರು. ಚಂಡಮಾರುತ ಬಂದು ಹೋದ ಮೇಲಿನ ಫೋಟೊ. ಕೈಯಲ್ಲಿ ಸಲಿಕೆ ಹಿಡಿದು ರಸ್ತೆಯ ಕೆಸರು ಎತ್ತುತ್ತಿದ್ದಾರೆ. ಕೆಳಗೆ ನೂರಾರು ಕಾಮೆಂಟು. ಎಷ್ಟು ಸರಳ, ನಮಗೂ ಇಂಥವರು ಬೇಕು, ಕೈ ಮುಗಿಯುವ ಚಿಹ್ನೆ. ನನಗೂ ಆ ಫೋಟೊ ತುಂಬಾ ಇಷ್ಟ. ಆದರೆ ಆ ಕಾಮೆಂಟುಗಳನ್ನು ಓದುತ್ತಾ ಹೋದಂತೆ ಮನಸ್ಸಿಗೆ ಬೇಜಾರಾಯಿತು. ಆ ಮನುಷ್ಯ ಮಾಡಿದ ದೊಡ್ಡ ಕೆಲಸ ಆ ಫೋಟೊದಲ್ಲಿ ಇಲ್ಲ. ಅದನ್ನು ಹೇಳಬೇಕು ಅಂತಲೇ ಇಷ್ಟುದ್ದ ಬರೆಯುತ್ತಿದ್ದೇನೆ. ಪುರುಸೊತ್ತಿದ್ದರೆ ಪೂರ್ತಿ ಓದಿ.

ನಾಗಾ ಇರುವುದು ಫಿಲಿಪೀನ್ಸ್‌ನ ಬಿಕೋಲ್ ಪ್ರದೇಶದಲ್ಲಿ. ತೆಂಗು, ಭತ್ತ, ಮಳೆ, ವರ್ಷಕ್ಕೆ ಕೆಲವು ಸಲ ಚಂಡಮಾರುತ. ಸೆಪ್ಟೆಂಬರ್‌ನಲ್ಲಿ ಪೆನ್ಯಾಫ್ರಾನ್ಸಿಯಾ ಮಾತೆಯ, ಅಂದರೆ ಮೇರಿ ಮಾತೆಯ ಜಾತ್ರೆ. ನದಿಯಲ್ಲಿ ದೋಣಿಯ ಮೇಲೆ ಮೂರ್ತಿಯ ಮೆರವಣಿಗೆ. ಆತೆ ಒಮ್ಮೆ ಊಟಕ್ಕೆ 'ಪಿನಂಗಾಟ್' ತಂದಿದ್ದರು. ಕೆಸುವಿನ ಎಲೆಯಲ್ಲಿ ಸಿಗಡಿ ಇಟ್ಟು ಪೊಟ್ಟಣ ಕಟ್ಟಿ, ತೆಂಗಿನ ಹಾಲು, ಮೆಣಸು ಹಾಕಿ ಬೇಯಿಸಿದ್ದು. ಡಬ್ಬಿಯ ಮುಚ್ಚಳ ತೆಗೆದಾಗ ಕುಂದಾಪುರದವನಾದ ನನಗೆ ನೆನಪಾದದ್ದು ಅಮ್ಮನ ಪತ್ರೊಡೆ. ಆಟಿ ತಿಂಗಳ ಮಳೆ, ಹಿತ್ತಲಿನ ಕೆಸು, ಗಂಟಲು ತುರಿಸದಿರಲಿ ಅಂತ ಹಾಕುವ ಹುಳಿ, ಎಲ್ಲಾ ಅವರಿಗೆ ವಿವರಿಸಿದೆ. ನಮ್ಮಿಬ್ಬರ ಸ್ನೇಹ ಶುರುವಾದದ್ದೇ ಆ ಎಲೆಯಿಂದ. ಆಮೇಲೆ ಅವರು ಊರಿನ ಕಥೆ ಹೇಳುವಾಗೆಲ್ಲ ಮೇಯರ್ ಜೆಸ್ಸಿ ಬಂದೇ ಬರುತ್ತಿದ್ದರು.

ರೊಬ್ರೆಡೊ ಹುಟ್ಟಿದ್ದು 1958ರಲ್ಲಿ, ಅದೇ ನಾಗಾದಲ್ಲಿ. ಮುತ್ತಜ್ಜನ ಕಾಲದಿಂದ ರಾಜಕೀಯ ಮಾಡಿದ ಮನೆತನ ಅಲ್ಲ. ಅಜ್ಜ ಚೀನಾದಿಂದ ಬಂದು ನೆಲೆಸಿದವರು. ಮುಂದೆ ಚುನಾವಣೆಯಲ್ಲಿ ಎದುರಾಳಿಗಳು ಇದನ್ನೇ ಹಿಡಿದುಕೊಂಡು, ಈತ ಫಿಲಿಪೀನ್ಸ್ ಪ್ರಜೆಯೇ ಅಲ್ಲ ಅಂತ ದೂರು ಕೊಟ್ಟಿದ್ದೂ ಇದೆ. ಮನಿಲಾದಲ್ಲಿ ಎಂಜಿನಿಯರಿಂಗ್ ಓದಿದರು. ಸ್ಯಾನ್ ಮಿಗೆಲ್ ಎನ್ನುವ ಅಲ್ಲಿನ ದೊಡ್ಡ ಕಂಪನಿಯಲ್ಲಿ ಒಳ್ಳೆಯ ಕೆಲಸ. 1986ರಲ್ಲಿ ಜನ ಬೀದಿಗಿಳಿದು ಮಾರ್ಕೋಸ್ ಸರ್ವಾಧಿಕಾರವನ್ನು ಕಿತ್ತೊಗೆದರು. ಅದೇ ವರ್ಷ ರೊಬ್ರೆಡೊ ಕಂಪನಿ ಬಿಟ್ಟು ಊರಿಗೆ ವಾಪಸ್ ಬಂದರು. ಬಿಕೋಲ್ ನದಿ ಕಣಿವೆಯ ಅಭಿವೃದ್ಧಿ ಯೋಜನೆಯಲ್ಲಿ ಕೆಲಸಕ್ಕೆ ಸೇರಿದರು. ಅರ್ಥಶಾಸ್ತ್ರ ಓದಿ ಅಲ್ಲಿಗೆ ಕೆಲಸಕ್ಕೆ ಬಂದ ಲೆನಿ ಹೆರೋನಾ ಪರಿಚಯವಾದದ್ದು ಆಗಲೇ. 1987ರಲ್ಲಿ ಮದುವೆ. ಮೂವರು ಹೆಣ್ಣುಮಕ್ಕಳು.

1988ರಲ್ಲಿ ಮೇಯರ್ ಆದಾಗ ವಯಸ್ಸು 29. ದೇಶದ ನಗರಗಳ ಮೇಯರ್‌ಗಳಲ್ಲಿ ಆಗ ಅವರೇ ಕಿರಿಯರು. ಗೆದ್ದದ್ದು ಸಾವಿರಕ್ಕಿಂತ ಕಡಿಮೆ ಮತಗಳಿಂದ. ಬೆನ್ನಿಗೆ ನಿಂತಿದ್ದವರು ಲೂಯಿಸ್ ವಿಲ್ಯಾಫ್ವೆರ್ತೆ. ಆ ಪ್ರಾಂತ್ಯದ ರಾಜಕೀಯವನ್ನು ಕೈಯಲ್ಲಿ ಇಟ್ಟುಕೊಂಡಿದ್ದ ಹಿರಿಯ, ಸಂಬಂಧಿಕರೂ ಹೌದು. ಆದರೆ ಕುರ್ಚಿಯಲ್ಲಿ ಕೂತ ಮೇಲೆ ಹುಡುಗ ಹೇಳಿದಂತೆ ಕೇಳಲಿಲ್ಲ. ಸಂಬಂಧ ಮುರಿದುಬಿತ್ತು. ಕಡೆಯವರೆಗೂ ಆ ಜಗಳ ಮುಗಿಯಲಿಲ್ಲ.

ಅವರ ಕೈಗೆ ಬಂದ ನಾಗಾ ಬಿದ್ದುಹೋದ ಊರು. ಅಲ್ಲಿ ಆದಾಯ ನೋಡಿ ನಗರಗಳಿಗೆ ದರ್ಜೆ ಕೊಡುತ್ತಾರೆ. ಒಂದನೇ ದರ್ಜೆಯಲ್ಲಿದ್ದ ನಾಗಾ ಮೂರನೇ ದರ್ಜೆಗೆ ಇಳಿದಿತ್ತು. ಖಜಾನೆಯಲ್ಲಿ ಕೊರತೆ. ಪೇಟೆಯ ನಟ್ಟನಡುವೆ ಬಸ್ಸು, ಜೀಪ್ನಿ (ಅಲ್ಲಿನ ಜೀಪಿನಂಥ ಬಾಡಿಗೆ ಗಾಡಿ) ಸಿಕ್ಕಿಹಾಕಿಕೊಂಡು ಹೆಜ್ಜೆ ಇಡಲು ಜಾಗವಿರಲಿಲ್ಲ. ಮಟ್ಕಾದಂಥ 'ಹ್ವೆತೆಂಗ್' ಜೂಜು ಎಲ್ಲೆಲ್ಲೂ. ಆ ಜೂಜಿನ ಹಣ ಎಲ್ಲಿಗೆ ಹೋಗಿ ಸೇರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ರೊಬ್ರೆಡೊ ಮೊದಲು ಜೂಜಿನ ಮೇಲೆ ಕೈ ಹಾಕಿದರು. ಬಸ್ ನಿಲ್ದಾಣವನ್ನು ಪೇಟೆಯಿಂದ ಹೊರಗೆ ಸಾಗಿಸಿದರು. ನಗರಸಭೆಯ ನೌಕರರನ್ನು ಅರ್ಹತೆ ನೋಡಿ, ಪರೀಕ್ಷೆ ಮಾಡಿ ಸರಿಯಾದ ಜಾಗಕ್ಕೆ ಹಾಕಿದರು. ಎರಡು ವರ್ಷದೊಳಗೆ ನಾಗಾಕ್ಕೆ ಒಂದನೇ ದರ್ಜೆ ವಾಪಸ್ ಬಂತು.

ಇಷ್ಟನ್ನು ಗಟ್ಟಿ ಮನಸ್ಸಿನ ಯಾವ ಅಧಿಕಾರಿಯಾದರೂ ಮಾಡಬಹುದು ಅನ್ನಿ. ನಮ್ಮಲ್ಲೂ ಅಂಥ ಜಿಲ್ಲಾಧಿಕಾರಿಗಳನ್ನು, ಕಮಿಷನರುಗಳನ್ನು ನೋಡಿದ್ದೇವೆ. ಅವರು ಇದ್ದಷ್ಟು ದಿನ ಊರು ಸರಿ ಇರುತ್ತದೆ. ವರ್ಗಾವಣೆ ಆದ ಮಾರನೇ ದಿನವೇ ಫುಟ್‌ಪಾತ್ ಮತ್ತೆ ಮೊದಲಿನಂತೆ. ಬೀಳ್ಕೊಡುವಾಗ ನಾವು ಅಳುತ್ತೇವೆ, ಹಾರ ಹಾಕುತ್ತೇವೆ, ಮುಂದಿನವರು ಹೇಗಿರುತ್ತಾರೋ ಅಂತ ಕಾಯುತ್ತೇವೆ.

ರೊಬ್ರೆಡೊ ಇಲ್ಲಿಗೆ ನಿಲ್ಲಲಿಲ್ಲ. 1995ರ ಕೊನೆಯಲ್ಲಿ ನಾಗಾ ನಗರಸಭೆ ಒಂದು ಕಾನೂನು ಮಾಡಿತು. ಜನರ ಕೈಗೆ ಅಧಿಕಾರ ಕೊಡುವ ಕಾನೂನು ಅಂತಲೇ ಅದಕ್ಕೆ ಹೆಸರು. ಊರಿನ ಸಂಘಗಳೆಲ್ಲ ಸೇರಿ 'ನಾಗಾ ನಗರ ಜನಪರಿಷತ್ತು' ಮಾಡಿಕೊಂಡವು. ಕೊಳೆಗೇರಿಯವರು, ರೈತರು, ಮಹಿಳೆಯರು, ಸ್ವಯಂಸೇವಾ ಸಂಸ್ಥೆಗಳು, ವ್ಯಾಪಾರಿಗಳು, ಹೀಗೆ. ಈ ಪರಿಷತ್ತಿನ ಪ್ರತಿನಿಧಿಗಳಿಗೆ ನಗರಸಭೆಯ ಸಮಿತಿಗಳಲ್ಲಿ ಕೂರುವ ಹಕ್ಕು ಬಂತು. ಸುಮ್ನೆ ಮೂಲೆಯಲ್ಲಿ ಕೂತು ಟೀ ಕುಡಿದು ಬರುವುದಲ್ಲ. ಸಮಿತಿಯಲ್ಲಿ ಮಾತಾಡಬಹುದು, ಮತ ಹಾಕಬಹುದು, ಹೊಸ ಕಾನೂನು ತನ್ನಿ ಅಂತ ಪ್ರಸ್ತಾವ ಇಡಬಹುದು. ಮತ ಹಾಕಿ ಗೆಲ್ಲಿಸಿದವರು ಮೂರು ವರ್ಷ ಕಾಯಬೇಕಾಗಿಲ್ಲ. ಮುಂದಿನ ವಾರದ ಸಭೆಯಲ್ಲೇ ಎದುರು ಕೂತು ಕೇಳಬಹುದು.

ನೀವೇ ಯೋಚನೆ ಮಾಡಿ. ಭಾರಿ ಬಹುಮತದಲ್ಲಿ ಗೆಲ್ಲುತ್ತಿರುವ ಮೇಯರ್. ಊರಲ್ಲಿ ಅವರ ಮಾತಿಗೆ ಎದುರಿಲ್ಲ. ಆ ಹೊತ್ತಿನಲ್ಲಿ, ತನ್ನನ್ನೇ ಪ್ರಶ್ನೆ ಮಾಡುವ ಅಧಿಕಾರವನ್ನು ಕಾಗದದ ಮೇಲೆ ಬರೆದು ಊರಿಗೆ ಕೊಡುತ್ತಾರೆ. ಒಳ್ಳೆಯತನ ಇದ್ದರೆ ಮಾತ್ರ ಸಾಲದು, ಅದು ಕಾನೂನಾಗಬೇಕು, ನಾನಿಲ್ಲದಾಗಲೂ ನಡೆಯಬೇಕು ಅಂತ ಅವರಿಗೆ ಅನಿಸಿತ್ತು. ನನ್ನ ಮಟ್ಟಿಗೆ ಜೆಸ್ಸಿ ರೊಬ್ರೆಡೊ ಅಂದರೆ ಇದು. ಕೆಸರು ಎತ್ತಿದ ಫೋಟೊ ಆಮೇಲೆ.

ಅದು ನಡೆಯಿತೂ ಕೂಡ. ಅಲ್ಲಿನ ಸಂವಿಧಾನದ ಪ್ರಕಾರ ಮೇಯರ್ ಸತತ ಮೂರು ಅವಧಿ ಮಾತ್ರ ಇರಬಹುದು. 1998ರಲ್ಲಿ ರೊಬ್ರೆಡೊ ಇಳಿಯಬೇಕಾಯಿತು. ಫಿಲಿಪೀನ್ಸ್‌ನಲ್ಲಿ ಇಂಥ ಹೊತ್ತಿನಲ್ಲಿ ಹೆಂಡತಿಯೋ ಮಗನೋ ತಮ್ಮನೋ ಆ ಕುರ್ಚಿಗೆ ಬರುವುದು ಮಾಮೂಲು. ರೊಬ್ರೆಡೊ ಮನೆಯಿಂದ ಯಾರೂ ಬರಲಿಲ್ಲ. ಸುಲ್ಪಿಸಿಯೊ ರೊಕೊ ಮೇಯರ್ ಆದರು. ರೊಬ್ರೆಡೊ ಹಾರ್ವರ್ಡ್‌ಗೆ ಓದಲು ಹೋದರು. ಲೆನಿ ಬಡವರ ಕೇಸು ನಡೆಸುವ ವಕೀಲಿಕೆ ಮಾಡಿಕೊಂಡಿದ್ದರು. ಮೇಯರ್ ಬದಲಾದರೂ ಜನಪರಿಷತ್ತು ಬದಲಾಗಲಿಲ್ಲ. 2001ರಲ್ಲಿ ರೊಬ್ರೆಡೊ ಮತ್ತೆ ಗೆದ್ದು ಬಂದರು, ಮತ್ತೆ ಮೂರು ಅವಧಿ. ಒಟ್ಟು ಹತ್ತೊಂಬತ್ತು ವರ್ಷ ಮೇಯರ್.

ಇನ್ನೊಂದು ಕೆಲಸವನ್ನು ಹೇಳಲೇಬೇಕು, ಯಾಕೆಂದರೆ ಅದು ಆತೆಯ ಮನೆಯ ಕಥೆ. ಅವರ ಅಮ್ಮ ಬೇರೆಯವರ ಜಾಗದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಯಾವತ್ತು ಎಬ್ಬಿಸುತ್ತಾರೋ ಗೊತ್ತಿಲ್ಲ. ಮಳೆ ಬಂದರೆ ಒಳಗೆ ನೀರು. 1989ರಲ್ಲಿ ರೊಬ್ರೆಡೊ 'ಕಾಂತಬೈ ಸಾ ಕೌಸ್ವಾಗನ್' ಎನ್ನುವ ಯೋಜನೆ ಶುರು ಮಾಡಿದರು. ಏಳಿಗೆಯಲ್ಲಿ ಜೊತೆಗಾರರು ಅಂತ ಹೆಚ್ಚುಕಡಿಮೆ ಅರ್ಥ. ಜಾಗದ ಮಾಲೀಕರು, ಅಲ್ಲಿ ವಾಸ ಇರುವ ಬಡವರು, ನಗರಸಭೆ, ಮೂವರೂ ಒಂದೇ ಮೇಜಿನಲ್ಲಿ ಕೂತು ಮಾತಾಡಬೇಕು. ಬೇರೆ ಜಾಗ ತೋರಿಸದೆ ಯಾರನ್ನೂ ಎಬ್ಬಿಸುವಂತಿಲ್ಲ. ಜಾಗವನ್ನು ಪುಕ್ಕಟೆ ಕೊಡಲಿಲ್ಲ, ಸಣ್ಣ ಸಣ್ಣ ಕಂತಿನಲ್ಲಿ ಕಟ್ಟಿಸಿಕೊಂಡರು. ಆತೆಯ ಅಮ್ಮ ಬೀದಿ ಮೂಲೆಯಲ್ಲಿ ಒಂದು ಚಿಕ್ಕ ಅಂಗಡಿ ಇಟ್ಟು ಆ ಕಂತು ಕಟ್ಟಿದರು. ಕೊನೆಯ ಕಂತಿನ ರಸೀತಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಗೋಡೆಯ ಮೇಲೆ, ಮಾತೆಯ ಚಿತ್ರದ ಕೆಳಗೆ ಅಂಟಿಸಿದ್ದಾರಂತೆ. ಆ ಫೋಟೊ ಆತೆಯ ಫೋನಿನಲ್ಲಿತ್ತು. ರಸೀತಿಯ ಅಂಚು ಹಳದಿಯಾಗಿತ್ತು, ಮೊಹರು ಮಾತ್ರ ಇನ್ನೂ ನೀಲಿ. ದಾನವಾಗಿ ಸಿಕ್ಕಿದ್ದರೆ ಅಮ್ಮ ಅದನ್ನು ಗೋಡೆಗೆ ಹಾಕುತ್ತಿರಲಿಲ್ಲ ಅಂದರು ಆತೆ. ದುಡ್ಡು ಕಟ್ಟಿದ್ದಕ್ಕೇ ಅದು ಅವರದ್ದಾಯಿತು.

ನಾಗಾ ನಗರಸಭೆ ಒಂದು ಪುಸ್ತಕವನ್ನೂ ಮಾಡಿ ಮನೆಗಳಿಗೆ ಹಂಚಿತ್ತು. ಯಾವ ಕೆಲಸಕ್ಕೆ ಯಾವ ಕಾಗದ ಬೇಕು, ಎಷ್ಟು ಶುಲ್ಕ, ಎಷ್ಟು ನಿಮಿಷ ಅಥವಾ ದಿನ, ಯಾವ ನೌಕರ ಜವಾಬ್ದಾರಿ, ಎಲ್ಲಾ ಅದರಲ್ಲಿ. ಬಜೆಟ್, ಟೆಂಡರ್, ಖರೀದಿ ವಿವರವನ್ನು ವೆಬ್‌ಸೈಟಿಗೆ ಹಾಕಿದರು. ಇದೆಲ್ಲ 2000ದ ಆಚೀಚೆಯ ಮಾತು. 2007ರಲ್ಲಿ ಇಂಥ ಪಟ್ಟಿ ಇಡೀ ದೇಶದ ಕಚೇರಿಗಳಿಗೆ ಕಡ್ಡಾಯವಾಯಿತು. ನಮ್ಮ 'ಸಕಾಲ' ಶುರುವಾದದ್ದು 2012ರಲ್ಲಿ. ಉದ್ದೇಶ ಎರಡರದ್ದೂ ಒಂದೇ, ಅಲ್ವಾ?

ನಾನು ಊರಿಗೆ ವಾಪಸ್ ಬಂದ ಮೇಲೆ ಅಪ್ಪ ತೀರಿಕೊಂಡರು. ಅವರ ಹೆಸರಿನಲ್ಲಿದ್ದ ಮನೆಯ ಖಾತೆ ಬದಲಾವಣೆಗೆ ಒಂದು ಕಚೇರಿಗೆ ಹನ್ನೊಂದು ಸಲ ಅಲೆದೆ. ಪ್ರತಿ ಸಲವೂ ಒಂದು ಹೊಸ ಕಾಗದ ಕೇಳುತ್ತಿದ್ದರು. ಒಂದೇ ಸಲ ಎಲ್ಲಾ ಬರೆದುಕೊಡಿ ಅಂದೆ. ಬರೆದುಕೊಡಲು ಬರುವುದಿಲ್ಲ ಅಂದರು. ಹೊರಗೆ ಮರದ ಕೆಳಗೆ ಅಮ್ಮ ಕೊಡೆ ಹಿಡಿದು ಕೂತಿದ್ದರು. ಆಗ ನಾಗಾದ ಆ ಪುಸ್ತಕ ನೆನಪಾಯಿತು. ಬರೆದುಕೊಡುವುದು ಅಂದರೆ ಅಧಿಕಾರ ಬಿಟ್ಟುಕೊಡುವುದು ಅಂತ ನನಗೆ ಸರಿಯಾಗಿ ಅರ್ಥವಾದದ್ದು ಆ ಮರದ ಕೆಳಗೆ.

ಫಿಲಿಪೀನ್ಸ್‌ನಲ್ಲಿ ಸ್ಥಳೀಯ ಸರ್ಕಾರಗಳಿಗೆ ಬಲ ಕೊಟ್ಟ ಕಾನೂನು ಬಂದದ್ದು 1991ರಲ್ಲಿ. ನಮ್ಮ ಪಂಚಾಯ್ತಿ, ನಗರಸಭೆಗಳಿಗಾಗಿ ಸಂವಿಧಾನದ 73 ಮತ್ತು 74ನೇ ತಿದ್ದುಪಡಿ ಪಾಸಾದದ್ದು 1992ರಲ್ಲಿ. ಹೆಚ್ಚುಕಡಿಮೆ ಒಟ್ಟಿಗೆ ಹೊರಟ ಎರಡು ದೇಶ. ಅಲ್ಲಿಯ ಎಲ್ಲಾ ಊರು ನಾಗಾ ಆಗಲಿಲ್ಲ, ಅದೂ ನಿಜ. ಅದೇ ಕಾನೂನಿನ ಕೆಳಗೆ ಎಷ್ಟೋ ಊರುಗಳು ಒಂದೊಂದು ಮನೆತನದ ಆಸ್ತಿಯಾಗಿಯೇ ಉಳಿದವು. ನಾಗಾದವರು ಆ ಕಾನೂನು ಕೊಟ್ಟ ಜಾಗವನ್ನು ಪೂರ್ತಿ ಬಳಸಿಕೊಂಡರು.

2000ದಲ್ಲಿ ರೊಬ್ರೆಡೊ ಅವರಿಗೆ ಸರ್ಕಾರಿ ಸೇವೆಗಾಗಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಈ ಪ್ರಶಸ್ತಿ ನಮಗೆ ಹೊಸದಲ್ಲ. 1991ರಲ್ಲಿ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ ಬಂದಿತ್ತು. ಒಂದು ಸಣ್ಣ ಹಳ್ಳಿಯಲ್ಲಿ ಕೂತು ಜಗತ್ತಿನ ನಾಟಕವನ್ನು ಊರವರಿಗೆ ತೋರಿಸಿದವರಿಗೂ, ಒಂದು ಸಣ್ಣ ನಗರದ ಲೆಕ್ಕಪತ್ರವನ್ನು ಊರವರ ಮುಂದೆ ಇಟ್ಟವರಿಗೂ ಒಂದೇ ಪ್ರಶಸ್ತಿ. ನನಗೆ ಇದು ತುಂಬಾ ಸರಿ ಅನಿಸುತ್ತದೆ.

2010ರ ಜುಲೈನಲ್ಲಿ ಅಧ್ಯಕ್ಷ ಬೆನಿಗ್ನೊ ಅಕಿನೊ ಅವರನ್ನು ಮಂತ್ರಿ ಮಾಡಿದರು. ಆ ಎರಡು ವರ್ಷ ಸುಲಭವಾಗಿರಲಿಲ್ಲ. ಮಂತ್ರಿಯಾಗಿ ಎರಡು ತಿಂಗಳು ತುಂಬುವ ಮೊದಲೇ, ಆಗಸ್ಟ್ 23ರಂದು, ಕೆಲಸ ಕಳೆದುಕೊಂಡ ಒಬ್ಬ ಪೊಲೀಸ್ ಅಧಿಕಾರಿ ಮನಿಲಾದಲ್ಲಿ ಪ್ರವಾಸಿಗಳ ಬಸ್ಸನ್ನು ಒತ್ತೆ ಇಟ್ಟುಕೊಂಡ. ಹಾಂಕಾಂಗ್‌ನ 8 ಜನ ಸತ್ತರು. ಬಿಡಿಸುವ ಕಾರ್ಯಾಚರಣೆ ಪೂರ್ತಿ ಎಡವಟ್ಟಾಯಿತು, ಜಗತ್ತೇ ಟಿವಿಯಲ್ಲಿ ನೋಡಿತು. ಖಾತೆ ರೊಬ್ರೆಡೊ ಅವರದ್ದು, ಆದರೆ ಪೊಲೀಸರ ಉಸ್ತುವಾರಿಯನ್ನು ಅಧ್ಯಕ್ಷರು ಅವರ ಕೈಕೆಳಗಿನ ಅಧಿಕಾರಿಗೆ ಕೊಟ್ಟಿದ್ದರು. ಹೀಗಾಗಿ ತನ್ನದಲ್ಲದ ತಪ್ಪಿಗೂ ಅವರು ಮಾತು ಕೇಳಬೇಕಾಯಿತು. ಇದಕ್ಕೆ ಅವರನ್ನು ಪೂರ್ತಿ ಬಿಟ್ಟುಬಿಡಬೇಕು ಅಂತ ನಾನು ಹೇಳುವುದಿಲ್ಲ. ಅಂಥ ಏರ್ಪಾಟನ್ನು ಒಪ್ಪಿಕೊಂಡು ಕುರ್ಚಿಯಲ್ಲಿ ಕೂತದ್ದು ಸರಿಯೇ ಅನ್ನುವ ಪ್ರಶ್ನೆ ನನಗೂ ಇದೆ. ಇನ್ನೊಂದು ಕಡೆ, ಮಂತ್ರಿಗಳ ನೇಮಕಕ್ಕೆ ಒಪ್ಪಿಗೆ ಕೊಡುವ ಅಲ್ಲಿನ ಸಂಸತ್ತಿನ ಆಯೋಗ ಅವರ ಹೆಸರನ್ನು ಮತ್ತೆ ಮತ್ತೆ ಪಕ್ಕಕ್ಕಿಟ್ಟಿತು.

ಅಷ್ಟರ ನಡುವೆಯೂ ಅವರು ನಾಗಾದಲ್ಲಿ ಮಾಡಿದ್ದನ್ನೇ ದೇಶಕ್ಕೆ ಮಾಡಲು ಹೊರಟರು. ಪ್ರತಿ ಪ್ರಾಂತ್ಯ, ನಗರ, ಪಟ್ಟಣ ತನ್ನ ಬಜೆಟ್ಟು, ಖರ್ಚು, ಟೆಂಡರ್ ವಿವರವನ್ನು ಜನರ ಕಣ್ಣಿಗೆ ಬೀಳುವ ಜಾಗದಲ್ಲಿ ಅಂಟಿಸಬೇಕು ಅಂತ 2010ರಲ್ಲೇ ಆದೇಶ ಬಂತು. ಲೆಕ್ಕ ಸರಿ ಇಟ್ಟ ಊರುಗಳಿಗೆ ಸರ್ಕಾರದ ಮೊಹರು, ಜೊತೆಗೆ ಹೆಚ್ಚಿನ ಹಣ. ಇನ್ನೊಂದು ಆದೇಶ ನನಗೆ ಬಹಳ ಇಷ್ಟ: ಜನರ ದುಡ್ಡಿನಲ್ಲಿ ಆಗುವ ಕಾಮಗಾರಿಯ ಬೋರ್ಡಿನಲ್ಲಿ ರಾಜಕಾರಣಿಯ ಹೆಸರು, ಫೋಟೊ ಇರಬಾರದು. ಒಂದು ಬಸ್ ತಂಗುದಾಣಕ್ಕೆ ನಾಲ್ಕು ಮುಖ ನೋಡಿ ಬೆಳೆದ ನಮಗೆ ಈ ಮಾತಿನ ಬೆಲೆ ಗೊತ್ತು.

ವಾರವಿಡೀ ಮನಿಲಾದಲ್ಲಿ ಕೆಲಸ, ವಾರಾಂತ್ಯಕ್ಕೆ ನಾಗಾ. ಎಷ್ಟೋ ಸಲ ಎಲ್ಲರಂತೆ ರಾತ್ರಿ ಬಸ್ಸಿನಲ್ಲಿ. 2012ರ ಆಗಸ್ಟ್ 18, ಶನಿವಾರ, ಸೆಬುವಿನಲ್ಲಿ ಕೆಲಸ ಮುಗಿಸಿ ಒಂದು ಪುಟ್ಟ ವಿಮಾನದಲ್ಲಿ ಮನೆಗೆ ಹೊರಟರು. ದಾರಿಯಲ್ಲಿ ಎಂಜಿನ್ ಕೈಕೊಟ್ಟಿತು. ಮಾಸ್ಬಾಟೆಯಲ್ಲಿ ಇಳಿಸಲು ನೋಡಿದರು, ಆಗಲಿಲ್ಲ. ವಿಮಾನ ಸಮುದ್ರಕ್ಕೆ ಬಿತ್ತು. ಒಳಗಿದ್ದದ್ದು ನಾಲ್ಕು ಜನ. ಜೊತೆಗಿದ್ದ ಪೊಲೀಸ್ ಅಧಿಕಾರಿ ಒಬ್ಬರು ಉಳಿದರು. ಪೈಲಟ್, ನೇಪಾಳದಿಂದ ವಿಮಾನ ಹಾರಿಸಲು ಕಲಿಯಲು ಬಂದಿದ್ದ ಹುಡುಗ, ರೊಬ್ರೆಡೊ, ಮೂವರೂ ಹೋದರು. ಮೂರು ದಿನ ಹುಡುಕಿದರು. ದಡದಿಂದ ಒಂದು ಕಿಲೋಮೀಟರ್ ಕೂಡ ದೂರವಿಲ್ಲ, ಸುಮಾರು 180 ಅಡಿ ಆಳದಲ್ಲಿ ಸಿಕ್ಕಿದರು. ವಯಸ್ಸು 54.

ಪ್ರಶಸ್ತಿಗೆ ಹೆಸರು ಕೊಟ್ಟ ಅಧ್ಯಕ್ಷ ರಮೊನ್ ಮ್ಯಾಗ್ಸೆಸೆ ಕೂಡ 1957ರಲ್ಲಿ ವಿಮಾನ ಅಪಘಾತದಲ್ಲೇ ತೀರಿಕೊಂಡರು. ಆ ವಿಮಾನವೂ ಸೆಬುವಿನಿಂದ ಹೊರಟದ್ದು. ಇದನ್ನು ಮೊದಲ ಸಲ ಓದಿದಾಗ ಎದೆ ಝಲ್ಲೆಂದಿತು.

ಅಂತ್ಯಕ್ರಿಯೆ ನಾಗಾದಲ್ಲೇ ಆಯಿತು. ಜನ ಚಪ್ಪಲಿಯನ್ನೇ ಗುರುತು ಮಾಡಿಕೊಂಡರು. ಅಲ್ಲಿ ಹವಾಯಿ ಚಪ್ಪಲಿಗೆ 'ಚಿನೆಲಾಸ್' ಅನ್ನುತ್ತಾರೆ. ಬಡವರ ಮನೆಯ ಬಾಗಿಲಿಗೆ ಅದನ್ನೇ ಹಾಕಿಕೊಂಡು ಹೋಗುತ್ತಿದ್ದ ನಾಯಕ, ಹಾಗಾಗಿ ಚಿನೆಲಾಸ್ ನಾಯಕತ್ವ ಅಂತ ಹೆಸರೇ ಬಂತು. ಆ ಪ್ರೀತಿ ಸುಳ್ಳಲ್ಲ. ಆದರೆ ಹವಾಯಿ ಚಪ್ಪಲಿಯನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಚುನಾವಣೆ ಬಂದಾಗ ಹಾಕಿಕೊಂಡವರನ್ನು, ಬೀದಿ ಬದಿ ಟೀ ಕುಡಿದು ಫೋಟೊ ತೆಗೆಸಿಕೊಂಡವರನ್ನು ನಾವೂ ನೋಡಿದ್ದೇವೆ, ಅವರೂ ನೋಡಿದ್ದಾರೆ. ತನ್ನ ಸಭೆಯಲ್ಲಿ ಕೊಳೆಗೇರಿಯ ಹೆಂಗಸಿಗೆ ಮತ ಹಾಕುವ ಹಕ್ಕು ಬರೆದುಕೊಟ್ಟವರು ಎಷ್ಟು ಜನ?

ಮುಂದೆ ಲೆನಿ ರಾಜಕೀಯಕ್ಕೆ ಬಂದರು. 2013ರಲ್ಲಿ ವಿಲ್ಯಾಫ್ವೆರ್ತೆ ಅವರ ಪತ್ನಿಯನ್ನು ಸೋಲಿಸಿ ಸಂಸದೆಯಾದರು. 2016ರಲ್ಲಿ ಮಾರ್ಕೋಸ್ ಮಗನನ್ನು 263,473 ಮತಗಳಿಂದ ಹಿಂದೆ ಹಾಕಿ ಉಪಾಧ್ಯಕ್ಷೆಯಾದರು. 2022ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಅದೇ ಮನುಷ್ಯನ ಎದುರು ಸೋತರು. 2025ರಲ್ಲಿ ನಾಗಾ ಅವರನ್ನೇ ಮೇಯರ್ ಮಾಡಿತು, ಆ ಊರಿನ ಮೊದಲ ಮಹಿಳಾ ಮೇಯರ್. ಮನೆತನದ ರಾಜಕೀಯ ಬೇಡ ಅಂದವರ ಮನೆಯಿಂದಲೇ ಮತ್ತೊಬ್ಬರು ಬಂದರಲ್ಲ ಅಂತ ಕೇಳಿದರೆ ಆ ಪ್ರಶ್ನೆ ತಪ್ಪಲ್ಲ. ನನಗೂ ಬಂದದ್ದೇ. ಗಂಡ ಇರುವವರೆಗೆ ಅವರು ಯಾವ ಕುರ್ಚಿಗೂ ಬರಲಿಲ್ಲ, ಪ್ರತಿ ಸಲ ಜನರ ಮುಂದೆ ನಿಂತೇ ಗೆದ್ದರು, ಸೋತರು. ಅದನ್ನು ನೋಡಿ ನಾನು ಒಂದು ಮಟ್ಟಿಗೆ ಸಮಾಧಾನ ಮಾಡಿಕೊಂಡಿದ್ದೇನೆ. ಪೂರ್ತಿ ಅಲ್ಲ.

ಆತೆ ಈಗ ದುಬೈ ಬಿಟ್ಟು ನಾಗಾಕ್ಕೆ ವಾಪಸ್ ಹೋಗಿದ್ದಾರೆ. ಅಮ್ಮನ ಆ ಮನೆಯಲ್ಲೇ ಇದ್ದಾರೆ. ಲೆನಿ ಮೇಯರ್ ಆದ ವಾರ ಫೋನ್ ಮಾಡಿದ್ದೆ. ಖುಷಿಯಾಗಿರುತ್ತಾರೆ, ತುಂಬಾ ಹೊತ್ತು ಮಾತಾಡುತ್ತಾರೆ ಅಂದುಕೊಂಡಿದ್ದೆ. ಹತ್ತು ನಿಮಿಷಕ್ಕೆ ಹೊರಟರು. ಅವರ ಕಾಲೊನಿಯ ಸಂಘ ಜನಪರಿಷತ್ತಿನಲ್ಲಿದೆಯಂತೆ, ಈ ಸಲ ಸಮಿತಿಗೆ ಇವರನ್ನು ಕಳಿಸಿದ್ದಾರಂತೆ. ಮಾರನೇ ದಿನ ಸಭೆ. ಚರಂಡಿ ಕೆಲಸಕ್ಕೆ ಇಟ್ಟ ಹಣದ ಲೆಕ್ಕ ಸರಿ ಕಾಣುತ್ತಿಲ್ಲ, ಕಾಗದ ಎಲ್ಲಾ ಇನ್ನೊಂದು ಸಲ ಓದಬೇಕು ಅಂದರು.

"ಮೇಯರ್ ನಿಮ್ಮವರೇ ಅಲ್ವಾ ಆತೆ, ಕೇಳುತ್ತೀರಾ?" ಅಂದೆ.

"ಕೇಳದೆ ಮತ್ತೆ?" ಅಂದು ಫೋನ್ ಇಟ್ಟರು.